ಪಂಚರ ಸಲುವಾಗಿ

2005ನೇ ಇಸವಿಯ ಫೆಬ್ರವರಿ ತಿಂಗಳ ಒಂದು ಸೋಮವಾರ. ರಾಣೇಬೆನ್ನೂರಿನ ಮೇಡ್ಲೇರಿ ರಸ್ತೆಯಲ್ಲಿ ನನ್ನದೊಂದು ಸೈಕಲ್ ರಿಪೇರಿ ಅಂಗಡಿ. ಅಪ್ಪನ ಕಾಲದಿಂದ ನಡೆದು ಬಂದದ್ದು. ಅಪ್ಪ ತೀರಿಕೊಂಡ ಮೇಲೆ ಪಂಪು, ಪಾನಾ, ನೀರಿನ ಬೋಗುಣಿ ಎಲ್ಲವೂ ನನ್ನ ಕೈಗೆ ಬಂದವು. ಅವುಗಳ ಜೊತೆಗೆ ಅಪ್ಪನಿಗಿದ್ದ ಪೊಲೀಸರ ಹೆದರಿಕೆಯೂ ಬಂತು. ಅಂಥ ನಾನು ಆ ಸೋಮವಾರ ಒಂದು ಶಬ್ದವನ್ನು ತಪ್ಪಾಗಿ ತಿಳಿದುಕೊಂಡು, ಪೊಲೀಸರ ಹಿಂದೆ ನಾನಾಗಿಯೇ ಕುಣಿಯುತ್ತ ಹೋದೆ. ಸರಿಯಾಗಿ ತಿಳಿದಿದ್ದರೆ ಖಂಡಿತ ಹೋಗುತ್ತಿರಲಿಲ್ಲ. ಹೋಗದೇ ಇದ್ದಿದ್ದರೆ ಒಬ್ಬ ಪಾಪದ ಮನುಷ್ಯನ ಗತಿ ಏನಾಗುತ್ತಿತ್ತೋ ಎಂದು ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ.

ಆ ಮನುಷ್ಯನ ಹೆಸರು ಫಕ್ಕೀರಪ್ಪ. ನಾನು ಕಾಕಾ ಎನ್ನುತ್ತಿದ್ದೆ. ಅರವತ್ತು ದಾಟಿತ್ತು. ಚಾಕು, ಕತ್ತರಿ, ಈಳಿಗೆಗಳಿಗೆ ಸಾಣೆ ಹಿಡಿಯುವುದು ಅವನ ಕಸುಬು. ಸಾಣೆಕಲ್ಲನ್ನು ಸೈಕಲ್ಲಿನ ಮೇಲೆಯೇ ಕೂರಿಸಿಕೊಂಡಿದ್ದ. ಸೈಕಲ್ಲನ್ನು ಸ್ಟ್ಯಾಂಡಿಗೆ ನಿಲ್ಲಿಸಿ ಪೆಡಲ್ ತುಳಿದರೆ ಪಟ್ಟಿ ತಿರುಗಿ ಕಲ್ಲೂ ತಿರುಗುತ್ತಿತ್ತು, ಕಿಡಿ ಹಾರುತ್ತಿತ್ತು. ಅಂಥ ಸೈಕಲ್ ನಮ್ಮ ಕಡೆ ಇನ್ನೊಂದಿರಲಿಲ್ಲ. ದೂರದಿಂದ ನೋಡಿದರೂ ಇದು ಫಕ್ಕೀರಪ್ಪನದು ಎಂದು ಯಾರಾದರೂ ಹೇಳಬಹುದಿತ್ತು.

ಆ ಸೈಕಲ್ಲಿಗೆ ಬೀಗ ಇರಲಿಲ್ಲ. ಇದ್ದ ಬೀಗದ ಕೀಲಿಯನ್ನು ಕಾಕಾ ಕಳೆದುಕೊಂಡು, ಬೀಗವನ್ನು ನಾನೇ ಒಡೆದು ಕೊಟ್ಟಿದ್ದೆ. ಅಂದಿನಿಂದ ಅವನದೊಂದು ಉಪಾಯ. ಸಂಜೆ ಮನೆಯ ಹಿಂದಿನ ಗೋಡೆಗೆ ಸೈಕಲ್ ನಿಲ್ಲಿಸಿ, ಹಿಂದಿನ ಗಾಲಿಯ ವಾಲ್ವ್ ಪಿನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಪಿನ್ನು ಹೋದರೆ ಗಾಳಿ ಹೋಯಿತು. "ಗಾಳಿ ಇಲ್ಲದ ಗಾಡಿ ಯಾಂವ ಒಯ್ತಾನ ತಮ್ಮಾ?" ಎಂದು ನಗುತ್ತಿದ್ದ. ಬೆಳಿಗ್ಗೆ ನಡೆದುಕೊಂಡು ನನ್ನ ಅಂಗಡಿಗೆ ಬಂದು ಪಂಪು ಒಯ್ಯುತ್ತಿದ್ದ. ಹತ್ತು ನಿಮಿಷದಲ್ಲಿ ಸೈಕಲ್ ಮೇಲೆ ಕೂತು ಪಂಪು ವಾಪಸ್ ತಂದುಕೊಡುತ್ತಿದ್ದ. ಗಾಳಿಗೆ ಪ್ರತಿಯಾಗಿ ತಿಂಗಳಿಗೊಮ್ಮೆ ನಮ್ಮ ಮನೆಯ ಈಳಿಗೆಗೆ ಸಾಣೆ ಹಿಡಿಯುತ್ತಿದ್ದ. ನಮ್ಮ ಮನೆಯವಳ ಬೆರಳಿಗೆ ತಿಂಗಳಿಗೊಮ್ಮೆ ಗಾಯ ಆಗುತ್ತಿದ್ದುದೂ ಇದರಿಂದಲೇ.

ಆ ಸೋಮವಾರ ಬೆಳಿಗ್ಗೆಯೂ ಎಂದಿನಂತೆ ಬಂದು ಪಂಪು ಒಯ್ದ. ಹತ್ತು ನಿಮಿಷ ಬಿಟ್ಟು ವಾಪಸ್ ಬಂದ. ಆದರೆ ನಡೆದುಕೊಂಡೇ ಬಂದ, ಕೈಯಲ್ಲಿ ಪಂಪು.

"ತಮ್ಮಾ, ಸೈಕಲ್ ಕಾಣವಲ್ದು," ಎಂದ.

ಹಿಂದಿನ ದಿನ ಭಾನುವಾರ ಅವನಿಗೆ ಜ್ವರ. ದಿನವಿಡೀ ಒಳಗೇ ಮಲಗಿದ್ದ, ಹಿತ್ತಲ ಕಡೆ ಹೋಗಿರಲಿಲ್ಲ. ಯಾವಾಗ ಹೋಯಿತು, ಯಾರು ಒಯ್ದರು, ಏನೂ ಗೊತ್ತಿಲ್ಲ. ಮುಖ ಸಣ್ಣದಾಗಿತ್ತು. "ಠಾಣೇಕ ಹೋಗಿ ಹೇಳ್ಲೇನು?" ಎಂದು ಕೇಳಿದ.

ನಾನು ಟ್ಯೂಬು ಉಜ್ಜುತ್ತಿದ್ದವನು ತಲೆ ಎತ್ತದೆಯೇ ಹೇಳಿದೆ. "ಬ್ಯಾಡ ಕಾಕಾ. ಇಲ್ಲದ ಉಸಾಬರಿ. ನಿನ್ನೇ ಕುಂದ್ರಿಸಿಕೊಂಡು ನೂರಾ ಎಂಟು ಕೇಳ್ತಾರ. ಯಾರರ ಆಟಕ್ಕ ಒಯ್ದಿರ್ತಾರ, ಸಂಜೀ ಮಟಾ ನೋಡು."

ಕಾಕಾ ಪಂಪನ್ನು ಅದರ ಮೂಲೆಯಲ್ಲಿ ಇಟ್ಟು ಹೊರಟುಹೋದ. ನಾನು ಬುದ್ಧಿವಂತಿಕೆಯ ಮಾತು ಹೇಳಿದೆ ಎಂದುಕೊಂಡು ಟ್ಯೂಬು ಉಜ್ಜುವುದನ್ನು ಮುಂದುವರಿಸಿದೆ.

ಹತ್ತು ಗಂಟೆ ಆಗಿರಬೇಕು. ಹವಾಲ್ದಾರ್ ನಿಂಗಪ್ಪನವರು ಮೋಟರ್ ಸೈಕಲ್ಲಿನಲ್ಲಿ ಬಂದು ಅಂಗಡಿ ಮುಂದೆ ನಿಲ್ಲಿಸಿದರು. ದಪ್ಪ ಮೀಸೆ, ಗಡುಸು ದನಿ. ನಾನು ಕೈಯಲ್ಲಿದ್ದ ಗಾಲಿಯ ಕಡೆ ಕಣ್ಣು ನೆಟ್ಟೆ. ಅವರು ಇಳಿಯಲೂ ಇಲ್ಲ. ಕೂತಲ್ಲಿಂದಲೇ ಕೂಗಿದರು.

"ಮಂಜಪ್ಪ, ಲಗೂ ಬಾ. ಪಂಚರ ಸಲುವಾಗಿ ಸಾಹೇಬ್ರು ಕರ್ಯಾಕತ್ತಾರ."

ಅಬ್ಬಾ, ಇಷ್ಟೇನಾ ಎಂದು ಉಸಿರು ಬಿಟ್ಟೆ. ಠಾಣೆಯ ಜೀಪು ಎಲ್ಲೋ ಪಂಚರ್ ಆಗಿ ನಿಂತಿರಬೇಕು. ಪಂಪು ಹೆಗಲಿಗೇರಿಸಿದೆ. ಪಾನಾದ ಪೆಟ್ಟಿಗೆ, ಸೊಲ್ಯೂಷನ್ ಟ್ಯೂಬು, ಬೋಗುಣಿ ಎಲ್ಲ ಎತ್ತಿಕೊಂಡು ಹವಾಲ್ದಾರರ ಹಿಂದೆ ಹತ್ತಿ ಕೂತೆ. ಅವರು ಒಮ್ಮೆ ಹಿಂತಿರುಗಿ ನನ್ನ ಬೋಗುಣಿಯನ್ನು ನೋಡಿದರು. ಮೀಸೆ ಸ್ವಲ್ಪ ಅಲುಗಾಡಿತು. ಹಾಗೇ ಗಾಡಿ ಬಿಟ್ಟರು.

ಹೋಗಿ ನಿಂತದ್ದು ಹೆಣ್ಣುಮಕ್ಕಳ ಹೊಲಿಗೆ ತರಬೇತಿ ಕೇಂದ್ರದ ಮುಂದೆ. ಜನ ಸೇರಿದ್ದರು. ಜೀಪು ಗೇಟಿನ ಹತ್ತಿರವೇ ಇತ್ತು. ನಾನು ಯಾರ ಕಡೆಗೂ ನೋಡದೆ ನೇರ ಜೀಪಿಗೆ ಹೋಗಿ, ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಗಾಲಿಯನ್ನು ಒತ್ತಿ ನೋಡತೊಡಗಿದೆ. ನಾಲ್ಕೂ ಗಾಲಿ ಕಲ್ಲಿನಂತೆ ಗಟ್ಟಿ. ಸ್ಟೆಪ್ನಿಯನ್ನೂ ಒತ್ತಿ ನೋಡಿದೆ. ಅದೂ ಗಟ್ಟಿ.

"ಏ, ಏನ್ ಮಾಡಾಕತ್ತೀಯೋ?" ಎಂದು ಡ್ರೈವರ್ ಗದರಿಸಿದ.

"ಯಾವ ಗಾಲಿ ಪಂಚರ್ ಆಗೈತ್ರಿ?" ಎಂದೆ.

ಜನರಲ್ಲಿ ಯಾರೋ ಕಿಸಕ್ಕನೆ ನಕ್ಕರು, ನೋಡನೋಡುತ್ತ ಎಲ್ಲರೂ ನಕ್ಕರು. ಒಳಗಿನಿಂದ ಪಿಎಸ್ಐ ಸಾಹೇಬರು ಹೊರಗೆ ಬಂದರು. ಸುಮಾರು ನಲವತ್ತರ ಪ್ರಾಯ, ಊರಿಗೆ ಹೊಸಬರು. ನನ್ನ ಪಂಪು, ಬೋಗುಣಿ, ಪೆಟ್ಟಿಗೆ ಎಲ್ಲವನ್ನೂ ನೋಡಿ ಅವರಿಗೂ ನಗು ಬಂತು.

"ನಿಮ್ಮನ್ನ ಕರಿಸಿದ್ದು ಪಂಚನಾಮೆಗೆ. ಪಂಚರಾಗಿ ನಿಂದ್ರಾಕ," ಎಂದರು.

ಪಂಚನಾಮೆ ಎಂದರೆ ಗೊತ್ತಲ್ಲ. ಕಳವೋ ಮತ್ತೊಂದೋ ಆದ ಜಾಗದಲ್ಲಿ ಪೊಲೀಸರು ಕಂಡದ್ದನ್ನೆಲ್ಲ ಬರೆದುಕೊಳ್ಳುವಾಗ, ಊರಿನ ಇಬ್ಬರು ಪಕ್ಕದಲ್ಲಿ ನಿಂತು ನೋಡಿ ಸಹಿ ಹಾಕಬೇಕು. ಆ ಇಬ್ಬರೇ ಪಂಚರು. ಅಪ್ಪ ಒಮ್ಮೆ ಪಂಚನಾಗಿದ್ದ. ಯಾರೋ ಬರೆದಿಟ್ಟ ಕಾಗದಕ್ಕೆ ಓದದೆ ಸಹಿ ಹಾಕಿದ್ದ. ಆಮೇಲೆ ವರ್ಷಗಟ್ಟಲೆ ಕೋರ್ಟಿಗೆ ಅಲೆದ. ಅವನು ನೋಡದೇ ಇದ್ದ ಸಂಗತಿ ಆ ಕಾಗದದಲ್ಲಿ ಇತ್ತಂತೆ. ವಕೀಲರು ತುಂಬಿದ ಕೋರ್ಟಿನಲ್ಲಿ ಅವನನ್ನು ಸುಳ್ಳ ಎಂದರಂತೆ. ಮನೆಗೆ ಬಂದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ಖಾಕಿ ಕಂಡ್ರ ಗಾಲಿ ಕಡೆ ನೋಡು, ಮುಖ ಮ್ಯಾಲ ಎತ್ತಬ್ಯಾಡ," ಎಂದು ನನಗೆ ಹೇಳಿಕೊಟ್ಟವನು ಅವನೇ.

"ಅಂಗಡಿ ತಗದ ಬಿಟ್ಟು ಬಂದೇನ್ರಿ ಸರ್," ಎಂದು ತೊದಲಿದೆ.

ಸಾಹೇಬರಿಗೆ ಅರ್ಥವಾಯಿತು. ನನಗಿಂತ ಮೊದಲು ಆ ಬೀದಿಯ ಮೂರು ಮಂದಿ ಹವಾಲ್ದಾರರನ್ನು ದೂರದಿಂದ ಕಂಡೇ ಬಾಗಿಲು ಎಳೆದುಕೊಂಡಿದ್ದರಂತೆ. "ಮನಸ್ಸಿಲ್ಲಂದ್ರ ಹೋಗ್ರಿ, ಜುಲುಮಿ ಇಲ್ಲ," ಎಂದರು. "ಆದ್ರ ಒಂದು ಮಾತು. ನೀವು ಕಣ್ಣಿಲೆ ಕಂಡದ್ದಷ್ಟ ಬರಸ್ತೇನಿ. ಓದಿ ಹೇಳಿದ ಮ್ಯಾಲನ ಸಹಿ."

ಮಾತು ಚೆನ್ನಾಗಿಯೇ ಇತ್ತು. ಆದರೆ ನನ್ನ ಕಾಲುಗಳು ಆಗಲೇ ಗೇಟಿನ ಕಡೆ ತಿರುಗಿದ್ದವು. ಪೆಟ್ಟಿಗೆ ಎತ್ತಿಕೊಂಡೆ. ಆಗ ಕಂಡ, ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ ಫಕ್ಕೀರಪ್ಪ ಕಾಕಾ.

ಜನರ ಮಾತಿನಿಂದ ವಿಷಯ ತಿಳಿಯಿತು. ಭಾನುವಾರ ಕೇಂದ್ರಕ್ಕೆ ರಜೆ. ಯಾರೋ ಹಿಂದಿನ ಕಿಟಕಿ ಮುರಿದು ಮೂರು ಹೊಲಿಗೆ ಯಂತ್ರದ ತಲೆಗಳನ್ನು ಬಿಚ್ಚಿಕೊಂಡು ಹೋಗಿದ್ದರು. ಬೆಳಿಗ್ಗೆ ಬಾಗಿಲು ತೆರೆದ, ಹೊಲಿಗೆ ಕಲಿಸುವ ಅಕ್ಕೋರು ನೋಡಿದರೆ ಹಿತ್ತಲಲ್ಲಿ, ಮುರಿದ ಕಿಟಕಿಯ ಕೆಳಗೇ, ಸಾಣೆಕಲ್ಲಿನ ಸೈಕಲ್ ನಿಂತಿತ್ತು. ಇನ್ನೇನು ಬೇಕು? ಪೊಲೀಸರು ಕಾಕಾನನ್ನು ಮನೆಯಿಂದ ಕರೆತಂದಿದ್ದರು. ಅಕ್ಕೋರು ಅಳುತ್ತಲೇ ಎಲ್ಲರಿಗೂ ಹೇಳುತ್ತಿದ್ದರು. "ಎಂಟು ದಿನಕ್ಕೊಮ್ಮೆ ಕತ್ರಿ ಸಾಣಿ ಹಿಡ್ಯಾಕ ಬರ್ತಾನ್ರಿ. ಒಳಗ ಎಲ್ಲಿ ಏನೈತಿ ಎಲ್ಲಾ ನೋಡ್ಯಾನ."

ಸಾಹೇಬರು ಕಾಕಾನ ಎದುರು ಹೋಗಿ ನಿಂತರು. ನನಗೆ ಕೇಳುವಷ್ಟು ಹತ್ತಿರ.

"ಯಜಮಾನ್ರ, ಸೈಕಲ್ ಕಳದದ್ದು ಮುಂಜಾನೆನ ಗೊತ್ತಾತು ಅಂತೀರಿ. ಠಾಣೇಕ ಯಾಕ ಬರ್ಲಿಲ್ಲ?"

ಕಾಕಾ ತಲೆ ಎತ್ತಿದ. ಜನರ ನಡುವೆ ಅವನ ಕಣ್ಣು ನನ್ನನ್ನು ಹುಡುಕಿ, ಒಮ್ಮೆ ನೋಡಿ, ಮತ್ತೆ ಕೆಳಗಿಳಿಯಿತು.

"ಬುದ್ಧಿ ಸಾಲಲಿಲ್ರಿ ಸಾಹೇಬ್ರ," ಎಂದ.

ಅಷ್ಟೇ. ನನ್ನ ಹೆಸರು ಹೇಳಲಿಲ್ಲ. ಪಕ್ಕದಲ್ಲಿದ್ದವನೊಬ್ಬ, "ಖರೇ ಕಳವಾಗಿದ್ರ ಬರ್ತಿರಲಿಲ್ಲೇನ್ರಿ? ಇಂವನ ಇಟ್ಟು ಓಡಿ ಹೋಗ್ಯಾನ," ಎಂದ. ಹೌದು ಹೌದು ಎಂದು ನಾಲ್ಕಾರು ಮಂದಿ ದನಿಗೂಡಿಸಿದರು.

ನಾನು ಗೇಟಿನವರೆಗೆ ಹೋಗಿದ್ದೆ. ಇದನ್ನು ಬರೆಯಲು ಈಗಲೂ ನಾಚಿಕೆ, ಆದರೆ ನಡೆದದ್ದು ಹಾಗೇ. ಇನ್ನೆರಡು ಹೆಜ್ಜೆ ಇಟ್ಟಿದ್ದರೆ ರಸ್ತೆ. ಕಾಕಾ ನನ್ನ ಹೆಸರು ಹೇಳಿದ್ದರೆ ಬಹುಶಃ ಸಿಟ್ಟು ಬಂದು ಹೋಗಿಯೇ ಬಿಡುತ್ತಿದ್ದೆನೇನೋ. ಹೇಳಲಿಲ್ಲವಲ್ಲ, ಅದು ಕಾಲಿಗೆ ತೊಡರಿತು. ಜ್ವರ ಬಿಟ್ಟೆದ್ದ ಮುದುಕ ನನ್ನ ಮಾತು ಕೇಳಿದ್ದಕ್ಕೆ ಕಳ್ಳನಾಗುತ್ತಿದ್ದಾನೆ, ಹೇಳಿದ ನಾನು ಪಂಪು ಹೊತ್ತು ಮನೆಗೆ ಹೋಗುತ್ತಿದ್ದೇನೆ. ತಿರುಗಿ ಬಂದೆ.

"ನಾನ ಹೇಳಿದ್ನಿ ರೀ ಸರ್," ಎಂದೆ. "ಕಾಕಾ ಠಾಣೇಕ ಹೋಗ್ತೇನಿ ಅಂದಿದ್ದ. ಹೋಗಬ್ಯಾಡ ಅಂತ ನಾನ ಹೇಳಿದ್ನಿ."

ಎಲ್ಲರೂ ನನ್ನ ಕಡೆ ತಿರುಗಿದರು. ಈಗ ನಗುವವರು ಯಾರೂ ಇರಲಿಲ್ಲ. ಹವಾಲ್ದಾರರು ಒಂದು ಹೆಜ್ಜೆ ಮುಂದೆ ಬಂದರು. ಸಾಹೇಬರು ಕೈಸನ್ನೆ ಮಾಡಿ ಅವರನ್ನು ತಡೆದರು.

"ಯಾಕ ಹಂಗ ಹೇಳಿದ್ರಿ?"

"ನಿಮ್ಮ ಹೆದರಿಕಿಗೆ ರೀ."

ಈ ಉತ್ತರಕ್ಕೆ ಕೆನ್ನೆಗೆ ಬೀಳುತ್ತದೆ ಎಂದೇ ನಾನು ಕಣ್ಣು ಮುಚ್ಚಿಕೊಂಡೆ. ಏನೂ ಬೀಳಲಿಲ್ಲ. ಕಣ್ಣು ಬಿಟ್ಟಾಗ ಸಾಹೇಬರು ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಳ್ಳುತ್ತಿದ್ದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು. "ಹೂಂ," ಎಂದರು. "ಮುಂಜಾನೆ ಇವ್ರು ಬಂದಿದ್ರ ನಮಗೂ ಎರಡು ತಾಸು ಉಳೀತಿದ್ವು. ಮತ್ತೇನರ ಗೊತ್ತೈತೇನ್ರಿ ನಿಮಗ?"

ಗೊತ್ತಿತ್ತು. ಮಾತು ಶುರುವಾದ ಮೇಲೆ ನಿಲ್ಲಿಸುವವರು ಯಾರು? ಬೀಗ ಒಡೆದದ್ದು, ವಾಲ್ವ್ ಪಿನ್ನು, ದಿನಾ ಪಂಪು ಒಯ್ಯುವುದು, ಆ ದಿನ ಬೆಳಿಗ್ಗೆಯೂ ಒಯ್ದದ್ದು ಎಲ್ಲ ಒದರಿದೆ. ಸಾಹೇಬರು ಪೂರ್ತಿ ಕೇಳಿಸಿಕೊಂಡು ಹೇಳಿದರು. "ಹಂಗಾದ್ರ ನೀವು ಪಂಚರಾಗಾಕ ಬರೂದಿಲ್ರಿ. ನೀವು ಸಾಕ್ಷಿ. ಪಂಚರು ಬ್ಯಾರೆ ಬೇಕು."

ನನ್ನ ಅವಸ್ಥೆ ನೋಡಿ. ಪಂಚರ್ ಹಾಕಲು ಹೋದವನು ಪಂಚರ್ ಹಾಕಲಿಲ್ಲ, ಪಂಚನೂ ಆಗಲಿಲ್ಲ, ಅವೆರಡಕ್ಕಿಂತ ದೊಡ್ಡ ಉರುಳಿಗೆ ಕೊರಳು ಕೊಟ್ಟಿದ್ದೆ.

ಸಾಹೇಬರು ಜನರ ಕಡೆ ತಿರುಗಿ, "ಯಾರರ ಇಬ್ರು ಬರ್ತೀರೇನ್ರಿ?" ಎಂದರು. ನಾನು ಈಗ ಎಲ್ಲರೂ ಜಾಗ ಖಾಲಿ ಮಾಡುತ್ತಾರೆ ಎಂದುಕೊಂಡೆ. ಆದರೆ ಎದುರಿನ ಚಹಾದ ಅಂಗಡಿಯ ಗುರಪ್ಪ ಕೈ ಒರೆಸಿಕೊಳ್ಳುತ್ತ ಮುಂದೆ ಬಂದ. ಹವಾಲ್ದಾರರನ್ನು ಕಂಡು ಬಾಗಿಲು ಎಳೆದುಕೊಂಡಿದ್ದ ಮೂವರಲ್ಲಿ ಅವನೂ ಒಬ್ಬ. "ಮಂಜಣ್ಣ ಅಷ್ಟಂದ್ರೂ ಸಾಹೇಬ್ರು ಹೊಡೀಲಿಲ್ಲ ಅಂದ್ರ ನಾ ನಿಂದ್ರಾಕ ಅಡ್ಡಿ ಇಲ್ಲ ಬಿಡ್ರಿ," ಎಂದ. ಅವನ ಹಿಂದೆ ನಿವೃತ್ತ ಮಾಸ್ತರರೊಬ್ಬರು ಕನ್ನಡಕ ಏರಿಸಿಕೊಂಡು ಬಂದರು.

ಆಮೇಲೆ ಹಿತ್ತಲಿಗೆ ಹೋದೆವು. ಠಾಣೆಯ ರೈಟರ್, ಎಂದರೆ ಎಲ್ಲವನ್ನೂ ಬರೆದುಕೊಳ್ಳುವ ಪೊಲೀಸರು, ಆಗಲೇ ಒಂದಿಷ್ಟು ಬರೆದಿದ್ದರು. "ಸೈಕಲ್ಲು ಚಾಲೂ ಸ್ಥಿತಿಯಲ್ಲಿರುತ್ತದೆ" ಎಂದು ಅವರು ಓದಿದಾಗ ನನಗೆ ತಡೆಯಲಾಗಲಿಲ್ಲ. ಹೊಟ್ಟೆಪಾಡಿನ ವಿಷಯದಲ್ಲಿ ತಪ್ಪು ಹೇಳಿದರೆ ಯಾರಿಗೆ ತಡೆಯಲಾಗುತ್ತದೆ?

"ಚಾಲೂ ಇಲ್ರಿ ಅದು. ಹಿಂದಿನ ಗಾಲ್ಯಾಗ ಪಿನ್ನ ಇಲ್ಲ, ನೋಡ್ರಿ."

ಸಾಹೇಬರು ಬಗ್ಗಿ ನೋಡಿದರು. ಪಂಚರಿಬ್ಬರೂ ಬಗ್ಗಿ ನೋಡಿದರು. ಪಿನ್ನು ಇರಲಿಲ್ಲ. ಕಾಕಾನನ್ನು ಕರೆಸಿ ಕೇಳಿದಾಗ ಅಂಗಿಯ ಒಳಜೇಬಿನಿಂದ ಕಾಗದದಲ್ಲಿ ಸುತ್ತಿದ ಪಿನ್ನು ತೆಗೆದು ಕೊಟ್ಟ.

"ಇಲ್ಲಿ ನಿಂದ್ರಿಸಿದ ಮ್ಯಾಲೂ ತಗದಿರಬಹುದಲ್ಲ?" ಎಂದು ರೈಟರ್ ಕೇಳಿದರು. ಪ್ರಶ್ನೆ ಸರಿಯಾಗಿಯೇ ಇತ್ತು. ನಾನು ನೆಲ ನೋಡಿದೆ. ಕಟ್ಟಡದ ಕೆಲಸಕ್ಕೆಂದು ತಂದ ಉಸುಕು ಹಿತ್ತಲ ತುಂಬ ಹರಡಿತ್ತು. ಗೇಟಿನಿಂದ ಕಿಟಕಿಯವರೆಗೆ ಗಾಲಿಯ ಗುರುತು ಮೂಡಿತ್ತು. ಮುಂದಿನ ಗಾಲಿಯದು ತೆಳ್ಳಗೆ, ಗೆರೆ ಸಹಿತ. ಹಿಂದಿನದು ಅಗಲವಾಗಿ, ರೊಟ್ಟಿ ತಟ್ಟಿದ ಹಾಗೆ ಚಪ್ಪಟೆ. ಗಾಳಿ ಇರುವ ಗಾಲಿ ಹಾಗೆ ಗುರುತು ಬಿಡುವುದಿಲ್ಲ ಎಂದು ತೋರಿಸಿದೆ. ಸೈಕಲ್ ಇಲ್ಲಿಗೆ ಬರುವಾಗಲೇ ಗಾಳಿ ಇರಲಿಲ್ಲ, ಯಾರೋ ದಬ್ಬಿಕೊಂಡೇ ಬಂದಿದ್ದಾರೆ.

ಸಾಹೇಬರು ಪಂಚರ ಎದುರೇ ಟೈರು ಬಿಚ್ಚಲು ಹೇಳಿದರು. ಕಡೆಗೂ ನನ್ನ ಪೆಟ್ಟಿಗೆ ಕೆಲಸಕ್ಕೆ ಬಂತು. ಟ್ಯೂಬು ಹೊರಗೆ ಎಳೆದರೆ ವಾಲ್ವ್ ಕೂರುವ ಮೂತಿಯ ಬುಡ ಅರ್ಧ ಕಿತ್ತು ಬಂದಿತ್ತು, ರಿಮ್ಮಿನ ಉಜ್ಜಾಟಕ್ಕೆ ಎರಡು ಕಡೆ ಹರಿದಿತ್ತು. ಗಾಳಿ ಇಲ್ಲದೆ ದೂರ ದಬ್ಬಿದರೆ ಮಾತ್ರ ಹಾಗಾಗುತ್ತದೆ. "ಪಿನ್ನ ಕಿಸೇದಾಗ ಇಟಗೊಂಡು, ತನ್ನ ಗಾಡಿ ಟ್ಯೂಬ್ ತಾನ ಹರಕೊಂಡು, ಇಲ್ಲಿ ಮಟಾ ಯಾಂವರ ದಬ್ಬತಾನೇನ್ರಿ?" ಎಂದೆ. ಭಾರದ ಯಂತ್ರ ಹೇರಲು ಸೈಕಲ್ ಕದ್ದಿದ್ದಾರೆ, ಗಾಲಿ ಉರುಳದೆ ಹೋದಾಗ ಅಲ್ಲೇ ಬಿಟ್ಟಿದ್ದಾರೆ ಎಂದು ಮಾಸ್ತರರು ಲೆಕ್ಕ ಬಿಡಿಸಿದ ಹಾಗೆ ಹೇಳಿದರು. "ಅದು ನಾವು ಅನ್ನೂದು ಮಾಸ್ತರ. ಕಂಡದ್ದಷ್ಟ ಬರಕೊಳ್ಳೂಣು," ಎಂದರು ಸಾಹೇಬರು.

"ಚಾಲೂ ಸ್ಥಿತಿ" ಎಂಬುದನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದರು. ಪಿನ್ನು, ಹರಿದ ಟ್ಯೂಬು, ಉಸುಕಿನ ಗುರುತು ಎಲ್ಲ ಬರೆಸಿದರು. ಪೂರ್ತಿ ಓದಿಸಿದರು. ಗುರಪ್ಪ ಒಂದು ಕಡೆ, "ಕಿಟಕಿ ಸರಳು ಎರಡಲ್ರಿ, ಮೂರು ಬಾಗ್ಯಾವು," ಎಂದು ತಿದ್ದಿಸಿದ. ಒಂದೇ ಗಂಟೆಯಲ್ಲಿ ಅವನಿಗೆ ಎಂಥ ಹುಮ್ಮಸ್ಸು!

ಆಮೇಲೆ ನನ್ನ ಹೇಳಿಕೆ. ರೈಟರ್ ಬರೆಯುತ್ತ ಬಂದವರು ಒಂದು ಕಡೆ ಪೆನ್ನು ನಿಲ್ಲಿಸಿ ಸಾಹೇಬರ ಮುಖ ನೋಡಿದರು. "ಪೊಲೀಸರ ಹೆದರಿಕೆಯಿಂದ ಹೋಗಬೇಡ ಎಂದೆ" ಎಂಬ ಮಾತು. ನಾನೂ ಹೆದರಿ, "ಅದ್ನ ಬಿಟ್ಟುಬಿಡ್ರಿ," ಎಂದೆ.

"ಖರೇ ಐತೋ ಇಲ್ಲೋ?" ಎಂದು ಸಾಹೇಬರು ಕೇಳಿದರು.

"ಖರೇ ಐತ್ರಿ."

"ಮತ್ತ ಇರ್ಲಿ. ಬರೀರಿ."

ಎಲ್ಲ ಮುಗಿದ ಮೇಲೆ ನಾನು ಎದೆ ಗಟ್ಟಿ ಮಾಡಿಕೊಂಡು, "ಎಲ್ಲಿ ಸಹಿ ಮಾಡ್ಲಿ?" ಎಂದೆ. "ಪೊಲೀಸರ ಮುಂದ ಕೊಟ್ಟ ಹೇಳಿಕಿಗೆ ಸಹಿ ಇರೂದಿಲ್ರಿ," ಎಂದರು ಸಾಹೇಬರು. ನನಗೆ ನಂಬಿಕೆಯೇ ಬರಲಿಲ್ಲ. ಯಾವ ಸಹಿಗೆ ಇಷ್ಟು ವರ್ಷ ಹೆದರಿ ಬದುಕಿದೆನೋ ಅದನ್ನು ಕೇಳಲೇ ಇಲ್ಲ! ಅಪ್ಪನಿಗೂ ಇಂಥ ಒಬ್ಬರು ಸಿಕ್ಕಿದ್ದರೆ ಎಂದುಕೊಂಡೆ.

ಸಾಹೇಬರು ಕಾಕಾನ ಹತ್ತಿರ ಹೋದರು. ಸೈಕಲ್ ಕಳವಾದ ದೂರನ್ನೂ ಬರೆಸಿಕೊಂಡು, "ಯಜಮಾನ್ರ, ಮನೀಗೆ ಹೋಗ್ರಿ. ಕರದಾಗ ಬರ್ರಿ," ಎಂದರು. ಎಲ್ಲರೂ ಕೇಳುವ ಹಾಗೆ ಜೋರಾಗಿಯೇ ಹೇಳಿದರು. ಆಗ ದನಿಗೂಡಿಸಿದ್ದ ಜನ ಈಗ ದಾರಿ ಬಿಟ್ಟರು. ಅಕ್ಕೋರು ಅವನ ಕಡೆ ನೋಡಲಾರದೆ ಸೆರಗಿನ ತುದಿ ತಿರುವುತ್ತ ನಿಂತಿದ್ದರು. ಕಾಕಾ ಅವರ ಮುಂದೆ ನಿಂತು, "ಕತ್ರಿ ಮೊಂಡ ಆಗಿದ್ರ ಹೇಳಿ ಕಳಸ್ರಿ ಅಕ್ಕೋರ," ಎಂದು ಹೇಳಿ ನನ್ನ ಜೊತೆ ಹೊರಟ. ದಾರಿಯಲ್ಲಿ ನಾನು, "ಕಾಕಾ, ನನ್ನ ಹೆಸರು ಯಾಕ ಹೇಳಲಿಲ್ಲ?" ಎಂದು ಕೇಳಿದೆ. "ನೀ ನನ್ನ ಒಳ್ಳೇದಕ್ಕ ಹೇಳಿದ್ದಿಲ್ಲೇನು?" ಎಂದ. ಆ ಮಾತಿಗಿಂತ ಒಂದು ಏಟು ಹಾಕಿದ್ದರೆ ಹಗುರವಾಗುತ್ತಿತ್ತು.

ಕೆಲಸ ಅಷ್ಟಕ್ಕೇ ಮುಗಿಯಲಿಲ್ಲ. ಸೈಕಲ್ ಕೇಸಿನ ಮಾಲಾಗಿ ಠಾಣೆ ಸೇರಿತು. ಪಿನ್ನೂ ಒಂದು ಲಕೋಟೆಯೊಳಗೆ ಅರಗಿನ ಮುದ್ರೆ ಹಾಕಿಸಿಕೊಂಡು ಕುಳಿತಿತು. ಸೈಕಲ್ ಇಲ್ಲದೆ ಕಾಕಾನ ಒಲೆ ಉರಿಯುವುದಿಲ್ಲ. ಕೋರ್ಟಿನ ಮೂಲಕ ಬಿಡಿಸಿಕೊಳ್ಳಬಹುದೆಂದು ಸಾಹೇಬರೇ ದಾರಿ ಹೇಳಿಕೊಟ್ಟರು. ಅದಕ್ಕೊಬ್ಬರು ಜಾಮೀನು ನಿಲ್ಲಬೇಕು. ನಾನು ನಿಂತೆ. ಓದಿ ನೋಡಿಯೇ ಸಹಿ ಹಾಕಿದೆ. "ಪಂಪ್ ಹೊತಗೊಂಡು ಹೋದಾವ್ರು ಜಾಮೀನದಾರ ಆಗಿ ಬಂದ್ರಿ. ನಾಳಿ ವಕೀಲ ಆಗ್ತೀರೇನು?" ಎಂದು ನಮ್ಮ ಮನೆಯವಳು ಕುಟುಕಿದಳು. ಆದರೆ ಸೈಕಲ್ ಬಿಡಿಸುವವರೆಗೆ ದಿನಾ ಎರಡು ರೊಟ್ಟಿ ಹೆಚ್ಚಿಗೆ ತಟ್ಟಿ ಕಾಕಾನ ಮನೆಗೆ ಕಳಿಸುತ್ತಿದ್ದವಳೂ ಅವಳೇ.

ಅಷ್ಟರಲ್ಲಿ ಕಳ್ಳರೂ ಸಿಕ್ಕರು. ಸಾಹೇಬರು ರಾಣೇಬೆನ್ನೂರು, ಹಾವೇರಿ, ಬ್ಯಾಡಗಿಯ ದರ್ಜಿಗಳಿಗೆಲ್ಲ ಹೇಳಿ ಕಳಿಸಿದ್ದರಂತೆ, ಯಾರಾದರೂ ಯಂತ್ರದ ಬರೀ ತಲೆ ತಂದರೆ ಒಂದು ಮಾತು ತಿಳಿಸಿ, ನಿಮಗೆ ತೊಂದರೆ ಕೊಡುವುದಿಲ್ಲ ಎಂದು. ಬ್ಯಾಡಗಿಯ ಒಬ್ಬ ದರ್ಜಿ ತಿಳಿಸಿದ. ಮೂರೂ ತಲೆ ಸಿಕ್ಕವು. ತಂದವರು ನಮ್ಮ ಊರಿನವರಲ್ಲ. ಕಾಕಾನನ್ನು ಕಂಡವರೂ ಅಲ್ಲ.

ಸೈಕಲ್ ಬಿಡಿಸುವ ದಿನ ನಾನೂ ಕಾಕಾನೂ ಠಾಣೆಗೆ ಹೋದೆವು. ಆ ಮೆಟ್ಟಿಲನ್ನು ನನ್ನ ಜೀವಮಾನದಲ್ಲಿ ಮೊದಲ ಸಲ ಹತ್ತಿದ್ದು ಅಂದು. ಅಂಗಳದಲ್ಲೇ ಹೊಸ ಟ್ಯೂಬು ಹಾಕಿದೆ, ರೈಟರ್ ಲಕೋಟೆ ಒಡೆದು ಕೊಟ್ಟ ಪಿನ್ನು ಕೂಡಿಸಿ ಗಾಳಿ ಹೊಡೆದೆ. ಕಲ್ಲು ತಿರುಗುತ್ತದೋ ಇಲ್ಲವೋ ಎಂದು ಕಾಕಾ ಪೆಡಲ್ ತುಳಿದು ನೋಡುವಾಗ ರೈಟರ್ ಒಳಗಿನಿಂದ ತಮ್ಮ ಮೊಂಡು ಕತ್ತರಿ ತಂದರು. ಡ್ರೈವರ್ ಮನೆಯಿಂದ ಈಳಿಗೆ ತರಿಸಿದ. ನೋಡನೋಡುತ್ತ ಠಾಣೆಯ ಅಂಗಳದಲ್ಲಿ ಕಿಡಿ ಹಾರತೊಡಗಿತು. ಕಾಕಾ ಬಾಯ್ತುಂಬ ನಗುತ್ತಿದ್ದ.

ಹವಾಲ್ದಾರ್ ನಿಂಗಪ್ಪನವರು ನನ್ನ ಪಕ್ಕ ಬಂದು ನಿಂತಿದ್ದರು. ಬಹಳ ದಿನದಿಂದ ಕೊರೆಯುತ್ತಿದ್ದ ಪ್ರಶ್ನೆ ಕೇಳಿಯೇ ಬಿಟ್ಟೆ. "ಅವತ್ತು 'ಪಂಚರ ಸಲುವಾಗಿ' ಅಂದ್ರಲ್ರಿ. ಬಾಯಿಗೆ ಬಂದಂಗ ಅಂದ್ರೋ, ಬೇಕಂತನ ಅಂದ್ರೋ?"

ಅವರು ಮೀಸೆಯಲ್ಲೇ ನಕ್ಕರು. "ನಾನೇನು ಸುಳ್ಳು ಹೇಳೇನೇನೋ? ಪಂಚರ ಸಲುವಾಗಿನ ಕರದಿದ್ನೆಪ್ಪಾ. ಪಂಚನಾಮೆ ಅಂದಿದ್ರ ನೀ ಬರ್ತಿದ್ದೇನು?"

"ಇನ್ನ ಮ್ಯಾಲ ಹಂಗ ಕರಿಬ್ಯಾಡ್ರಿ. ಏನ್ ಐತಿ ಅದನ್ನ ಹೇಳಿ ಕರೀರಿ," ಎಂದೆ ಅಷ್ಟೇ.

ಕಾಕಾನಿಗೆ ಒಂದು ಹೊಸ ಬೀಗ ಹಾಕಿಕೊಟ್ಟೆ. ಅವನು ಬೀಗವನ್ನೂ ಹಾಕುತ್ತಿದ್ದ, ಪಿನ್ನನ್ನೂ ಕೀಳುತ್ತಿದ್ದ. ಸಾಹೇಬರಿಗೆ ಮುಂದಿನ ವರ್ಷ ಬೇರೆ ಊರಿಗೆ ವರ್ಗವಾಯಿತು. ಕೋರ್ಟಿನಲ್ಲಿ ನಾನು ಒಮ್ಮೆ ನಿಂತು ಕಂಡದ್ದನ್ನು ಹೇಳಿ ಬಂದೆ. ಯಾರೂ ನನ್ನನ್ನು 'ಸುಳ್ಳ' ಎನ್ನಲಿಲ್ಲ, ಬರೆದದ್ದರಲ್ಲಿ ಸುಳ್ಳಿರಲಿಲ್ಲವಲ್ಲ.

ಅದಾಗಿ ಒಂದೆರಡು ವರ್ಷದ ಮೇಲೆ ಒಂದು ಮಧ್ಯಾಹ್ನ, ಹೊಸ ಪೊಲೀಸನೊಬ್ಬ ಅಂಗಡಿಯ ಮುಂದೆ ಬಂದು ನಿಂತ. ಇನ್ನೂ ಮೀಸೆ ಬಲಿಯದ ಮುಖ. ಬೀದಿಯ ಆ ತುದಿಯಲ್ಲಿ ಒಂದು ಅಂಗಡಿಯ ಬೀಗ ಒಡೆದಿದ್ದರಂತೆ. "ಪಂಚನಾಮೆ ಐತ್ರೀ... ಬರಾಕ ಆಗ್ತೈತೇನ್ರಿ?" ಎಂದ. ಇಲ್ಲ ಎಂಬ ಉತ್ತರಕ್ಕೆ ಮೊದಲೇ ತಯಾರಾಗಿ ನಿಂತವನ ಹಾಗಿತ್ತು ಅವನ ದನಿ.

"ಬರ್ತೇನಿ ನಡೀರಿ," ಎಂದೆ. ಕೈ ತೊಳೆದುಕೊಂಡೆ. ಪಂಪು ಮೂಲೆಯಲ್ಲೇ ಇತ್ತು, ಇರಲಿ ಬಿಟ್ಟೆ. ಅಂಗಡಿಯ ಮುಂದೆ ಸಾಣೆ ಹಿಡಿಯುತ್ತ ಕೂತಿದ್ದ ಫಕ್ಕೀರಪ್ಪ ಕಾಕಾನಿಗೆ, "ಕಾಕಾ, ಅಂಗಡಿ ಕಡೆ ಲಕ್ಷ್ಯ ಇರ್ಲಿ," ಎಂದು ಹೇಳಿ ಹೊರಟೆ.

ಹಿಂದೆ ಕಲ್ಲು ತಿರುಗುವ ಸದ್ದು ನಿಂತಿತು. ತಿರುಗಿ ನೋಡಿದರೆ ಕಾಕಾ ಹಿಂದಿನ ಗಾಲಿಯ ಮುಂದೆ ಬಗ್ಗಿದ್ದ. ಗಾಳಿ ಬುಸ್ ಎಂದು ಹೋಯಿತು. ಪಿನ್ನನ್ನು ಜೇಬಿಗೆ ಹಾಕಿಕೊಂಡು, ತಲೆಯ ಪಟಕಾ ಸರಿ ಮಾಡಿಕೊಂಡು ನಮ್ಮ ಜೊತೆ ಹೆಜ್ಜೆ ಹಾಕಿದ.

"ನೀ ಎಲ್ಲಿಗೆ ಕಾಕಾ?" ಎಂದೆ.

"ಪಂಚರು ಇಬ್ರು ಬೇಕಲ್ಲೋ ತಮ್ಮಾ," ಎಂದ.

ಅಂಗಡಿಗೆ ಬೀಗ ಹಾಕಿ ನಾವಿಬ್ಬರೂ ಆ ಪೊಲೀಸನ ಎರಡು ಪಕ್ಕ ನಡೆದು ಹೋದೆವು.